ಎರಡು ಮೂಲಿಕೆಗಳನ್ನು ಕೈಬಿಟ್ಟ ವೈದ್ಯ

ವೈದ್ಯರ ಕೀರ್ತಿ ಬಹುಮಟ್ಟಿಗೆ ಅವರು ಹೊಸದಾಗಿ ಕಂಡುಕೊಂಡ ಔಷಧದ ಮೇಲೆ ನಿಂತಿರುತ್ತದೆ. ಒಂಬೈನೂರು ವರ್ಷಗಳ ಹಿಂದೆ ಚೀನಾ ದೇಶದಲ್ಲಿ ಬಾಳಿದ ಚಿಯೆನ್ ಯಿ ಎಂಬಾತನ ಕೀರ್ತಿಗೆ ಮುಖ್ಯ ಕಾರಣ, ಆತ ಒಂದು ಹಳೆಯ ಯೋಗದಿಂದ ತೆಗೆದುಹಾಕಿದ ಎರಡು ಮೂಲಿಕೆಗಳು. ಎಂಟು ದ್ರವ್ಯಗಳ ಗುಳಿಗೆ ಆತನ ಕೈಯಲ್ಲಿ ಆರು ದ್ರವ್ಯಗಳದಾಯಿತು. ಚೀನೀ ವೈದ್ಯದಲ್ಲಿ ಮೂತ್ರಪಿಂಡದ ಬಲಕ್ಕೆಂದು ಹೇಳುವ ಅನೇಕ ಯೋಗಗಳಿಗೆ ಆ ಆರರ ಗುಳಿಗೆಯೇ ಇಂದಿಗೂ ತಾಯಿಬೇರಾಗಿದೆ.

ನಮ್ಮ ಸೀಮೆಯ ಒಬ್ಬ ಹಳೆಯ ಮೇಷ್ಟರಿಗೆ ಚೀನೀ ವೈದ್ಯನ ಗೊಡವೆ ಏಕೆಂದು ಓದುಗರು ಕೇಳಬಹುದು. ನನ್ನ ಉಪಾಧ್ಯಾಯ ವೃತ್ತಿಯೆಲ್ಲ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಊರುಗಳ ಸುತ್ತಮುತ್ತಲೇ ಕಳೆಯಿತು. ಸೂಳೆಕೆರೆಯ ನೀರುಂಡ ಅಡಿಕೆ ತೋಟದ ಚನ್ನಗಿರಿಯೆಲ್ಲಿ, ಮಳೆಗಾಗಿ ಮುಗಿಲು ನೋಡುವ ಜಗಳೂರೆಲ್ಲಿ! ಆದರೂ ಮೂತ್ರದಲ್ಲಿ ಉರಿ, ಬೆನ್ನಿನ ಕೆಳಗೆ ನೋವು, ಕಲ್ಲು ಎಂದೊಡನೆ ಈ ನಾಲ್ಕು ಊರುಗಳ ಮನೆಗಳಲ್ಲಿ ಹೇಳುವ ಮದ್ದು ಹೆಚ್ಚು ಕಡಿಮೆ ಒಂದೇ: ಹುರುಳಿಕಟ್ಟು, ಬಾಳೆದಿಂಡಿನ ರಸ, ನೆಗ್ಗಿಲುಮುಳ್ಳಿನ ಕಷಾಯ, ಕೊಮ್ಮೆಯ ಬೇರು, ಲಾವಂಚದ ನೀರು. ಒಂದೊಂದಕ್ಕೂ ಒಂದೊಂದು ಹದವನ್ನೂ ಪಥ್ಯವನ್ನೂ ಹೇಳುತ್ತಿದ್ದ ಹಿರಿಯರನ್ನು ನಾನು ಕಂಡಿದ್ದೇನೆ. ತರುವಾಯದ ದಿನಗಳಲ್ಲಿ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿ ಕುಡಿಯುವವರನ್ನೂ, ಅದರ ಮೇಲೆ ಪೇಟೆಯಿಂದ ತಂದ ಪುಡಿಯನ್ನೂ ಆಸ್ಪತ್ರೆಯ ಗುಳಿಗೆಯನ್ನೂ ನುಂಗುವವರನ್ನೂ ಕಂಡೆ. ಮೂಲಿಕೆಗಳು ಕೂಡಿದಷ್ಟೂ ಗುಣವೂ ಕೂಡುತ್ತದೆ ಎಂಬ ಎಣಿಕೆ ಅವರದು. ಈ ಎಣಿಕೆಯನ್ನು ಚಿಯೆನ್ ಯಿಯಷ್ಟು ಚೆನ್ನಾಗಿ ಪರೀಕ್ಷಿಸಿ ನೋಡಿದ ಇನ್ನೊಬ್ಬ ವೈದ್ಯನ ಚರಿತ್ರೆಯನ್ನು ನಾನು ಓದಿಲ್ಲ.

ಆತ ಹುಟ್ಟಿದ್ದು ಸುಮಾರು ೧೦೩೨ರಲ್ಲಿ, ಸುಂಗ್ ವಂಶದ ಆಳ್ವಿಕೆಯ ಕಾಲದಲ್ಲಿ. ನಮ್ಮಲ್ಲಿ ಆಗ ಕಲ್ಯಾಣದ ಚಾಲುಕ್ಯರ ರಾಜ್ಯ. ಆತನ ಮುಪ್ಪಿನ ವರ್ಷಗಳು ಆರನೆಯ ವಿಕ್ರಮಾದಿತ್ಯನ ವೈಭವದ ವರ್ಷಗಳು. ಚಿಯೆನ್ ಮನೆತನ ದಕ್ಷಿಣ ಚೀನಾದ ಒಂದು ಸಣ್ಣ ರಾಜವಂಶಕ್ಕೆ ನೆಂಟರಾಗಿದ್ದು, ಆ ರಾಜ್ಯ ಸುಂಗ್ ಚಕ್ರವರ್ತಿಗೆ ಒಳಪಟ್ಟ ಮೇಲೆ ಉತ್ತರಕ್ಕೆ ಬಂದು, ಈಗಿನ ಶಾಂತುಂಗ್ ಪ್ರಾಂತದ ಯುನ್-ಚೌ ಎಂಬಲ್ಲಿ ನೆಲೆಸಿತ್ತು. ತಂದೆ ಸೂಜಿಚಿಕಿತ್ಸೆಯಲ್ಲಿ ಕೈಪಳಗಿದ ವೈದ್ಯ. ಆದರೆ ಮದ್ಯವೂ ತಿರುಗಾಟವೂ ಅವನಿಗೆ ಬಲು ಪ್ರಿಯ. ಹುಡುಗನಿಗೆ ಮೂರು ವರ್ಷವಾಗಿದ್ದಾಗ ಒಂದು ದಿನ ಹೆಸರನ್ನು ಮರೆಸಿಕೊಂಡು ಮೂಡಣ ಕಡಲಿನತ್ತ ಹೊರಟುಹೋದವನು ಹಿಂದಿರುಗಲಿಲ್ಲ. ತಾಯಿ ಅದಕ್ಕೆ ಮೊದಲೇ ತೀರಿಕೊಂಡಿದ್ದಳು. ತಬ್ಬಲಿ ಮಗುವನ್ನು ಸೋದರತ್ತೆ ತನ್ನ ಮನೆಗೆ ಕರೆದೊಯ್ದಳು. ಅತ್ತೆಯ ಗಂಡ ಲ್ಯು ಎಂಬ ಮನೆತನದವನು, ಅವನೂ ವೈದ್ಯನೇ. ಹುಡುಗ ಅವರನ್ನೇ ತಂದೆತಾಯಿಗಳೆಂದು ತಿಳಿದು ಬೆಳೆದ, ಮಾವನ ಹಿಂದೆಯೇ ತಿರುಗಿ ನಾಡಿ ಹಿಡಿಯುವುದನ್ನೂ ಮದ್ದು ಅರೆಯುವುದನ್ನೂ ಕಲಿತ.

ಅತ್ತೆ ಸಾಯುವ ಕಾಲಕ್ಕೆ ನಿಜಸಂಗತಿಯನ್ನು ಹೇಳಿದಳು. ಚಿಯೆನ್ ಯಿ ಬಹಳ ಅತ್ತನಂತೆ. ಅನಂತರ ತಂದೆಯನ್ನು ಹುಡುಕಲು ಹೊರಟನು. ಒಂದಲ್ಲ, ಎರಡಲ್ಲ, ಐದಾರು ಸಲ ಹೋಗಿ ಬಂದ ಮೇಲೆ ತಂದೆಯಿದ್ದ ಠಾವು ಗೊತ್ತಾಯಿತು. ಮತ್ತೆ ಕೆಲವು ವರ್ಷಗಳು ಕಳೆದ ಮೇಲೆ ಆ ಮುದುಕನನ್ನು ಮನೆಗೆ ಕರೆತಂದನು. ಆಗ ಮಗನಿಗೆ ಮೂವತ್ತು ದಾಟಿತ್ತು. ಊರವರು ಕಣ್ಣೀರಿಟ್ಟರೆಂದೂ ಹಲವರು ಈ ಸಂಗತಿಯನ್ನು ಕುರಿತು ಪದ್ಯಗಳನ್ನು ಕಟ್ಟಿದರೆಂದೂ ಆತನ ಸಮಕಾಲೀನ ಚರಿತ್ರಕಾರ ಲಿಯು ಚಿ ಬರೆದಿದ್ದಾನೆ. ತಂದೆ ಏಳು ವರ್ಷ ಮಗನ ಬಳಿ ಬದುಕಿದ್ದು ಸತ್ತನು. ಲ್ಯು ಮಾವನಿಗೆ ಗಂಡು ಸಂತಾನವಿರಲಿಲ್ಲ. ಅವನ ಉತ್ತರಕ್ರಿಯೆಯನ್ನೂ ಚಿಯೆನ್ ಯಿಯೇ ಮಾಡಿ, ಆ ಮನೆಯ ಹೆಣ್ಣುಮಕ್ಕಳ ಮದುವೆ ನಡೆಸಿ, ವರ್ಷವರ್ಷವೂ ತನ್ನ ಪಿತೃಗಳಿಗೆ ಸಲ್ಲಿಸಿದಂತೆಯೇ ಅವನಿಗೂ ಎಡೆ ಸಲ್ಲಿಸಿದನು. ತನ್ನನ್ನು ಬಿಟ್ಟುಹೋದ ತಂದೆಯನ್ನೂ ಸಾಕಿದ ತಂದೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಈ ನಡತೆ, ಮುಂದೆ ಆತನ ಔಷಧಗಳ ತೂಕದಲ್ಲೂ ತೋರುತ್ತದೆಂದು ನನಗೆ ಅನ್ನಿಸುವುದುಂಟು. ಇದು ನನ್ನ ಕಲ್ಪನೆ. ಚರಿತ್ರಕಾರ ಹಾಗೆ ಹೇಳಿಲ್ಲ.

ಆತ ಆರಿಸಿಕೊಂಡದ್ದು ಮಕ್ಕಳ ವೈದ್ಯ. ಚೀನೀಯರು ಇದನ್ನು ಮೂಕಶಾಸ್ತ್ರವೆಂದು ಕರೆಯುತ್ತಿದ್ದರು, ರೋಗಿ ಮಾತನಾಡಲಾರನಲ್ಲ! ಪುಟ್ಟ ಮಣಿಕಟ್ಟಿನಲ್ಲಿ ನಾಡಿ ಸರಿಯಾಗಿ ಸಿಕ್ಕದು. ಮುಟ್ಟಿದರೆ ಮಗು ಅಳುತ್ತದೆ, ಅತ್ತರೆ ನಾಡಿ ಕೆಡುತ್ತದೆ. ಆದುದರಿಂದ ಚಿಯೆನ್ ಯಿ ಮುಖದ ಬಣ್ಣ, ಕಣ್ಣಿನ ಹೊಳಪು, ಅಳುವಿನ ದನಿ, ಮಲಗುವ ಭಂಗಿ ಇವನ್ನೇ ಓದುವುದನ್ನು ಕಲಿತನು. ಮಕ್ಕಳ ಅಂಗಾಂಗಗಳು ಎಳೆಯವು. ಬಲು ಬೇಗ ಸೊರಗುತ್ತವೆ, ಬಲು ಬೇಗ ಕೆರಳುತ್ತವೆ. ದೊಡ್ಡವರಿಗೆ ಕೊಡುವ ಉಗ್ರ ಔಷಧವನ್ನು ಅಳತೆ ಕುಗ್ಗಿಸಿ ಕೊಟ್ಟರೆ ಸಾಲದು, ಔಷಧದ ಸ್ವಭಾವವೇ ಬೇರೆಯಾಗಬೇಕು. ಇದು ಆತನ ಸಿದ್ಧಾಂತ. ನಮ್ಮ ಹಳ್ಳಿಗಳಲ್ಲಿ ಬಾಲಗ್ರಹವೆಂದು ಹೆದರುತ್ತಿದ್ದ ಸೆಳವನ್ನು ಆತ ಎರಡು ಬಗೆಯಾಗಿ ವಿಂಗಡಿಸಿದನು. ಜ್ವರದ ಉಬ್ಬರದಲ್ಲಿ ಬರುವ ತೀವ್ರವಾದ ಸೆಳವು ಒಂದು, ಬಹುಕಾಲದ ಬೇನೆಯಿಂದ ಸೊರಗಿದ ಮಗುವಿಗೆ ಮೆಲ್ಲಗೆ ಬರುವುದು ಇನ್ನೊಂದು. ಎರಡಕ್ಕೂ ಒಂದೇ ಮದ್ದು ಕೊಟ್ಟರೆ ಎರಡನೆಯ ಮಗು ಉಳಿಯದೆಂದು ಆತ ಎಚ್ಚರಿಸಿದ್ದನು.

ಯುವಾನ್-ಫೆಂಗ್ ಎಂದು ಕರೆಯುವ ೧೦೭೮ರಿಂದ ೧೦೮೫ರ ವರ್ಷಗಳಲ್ಲಿ ಆತನಿಗೆ ರಾಜಧಾನಿ ಕೈಫೆಂಗ್‌ನಿಂದ ಕರೆ ಬಂತು. ಚಕ್ರವರ್ತಿಯ ಮನೆತನದ ಹಿರಿಯ ರಾಜಕುಮಾರಿಯ ಮಗಳಿಗೆ ಕಾಯಿಲೆ. ಅದು ವಾಸಿಯಾಯಿತು, ಆತನಿಗೆ ಆಸ್ಥಾನದಲ್ಲಿ ಸ್ಥಾನವೂ ಕೆಂಪು ಅಂಗಿಯೂ ದೊರೆತವು. ಮರುವರ್ಷ ಚಕ್ರವರ್ತಿ ಷೆನ್-ತ್ಸುಂಗನ ಮಗನೊಬ್ಬನಿಗೆ ಸೆಳವು ಬಂತು. ಆಸ್ಥಾನದ ವೈದ್ಯರು ಕೈಚೆಲ್ಲಿದ್ದರು. ಚಿಯೆನ್ ಯಿ ಹಳದಿ ಮಣ್ಣು ಸೇರಿದ ಒಂದು ಹಳೆಯ ಕಷಾಯವನ್ನು ಕೊಟ್ಟನು, ಮಗು ಚೇತರಿಸಿಕೊಂಡಿತು. ಮಣ್ಣಿನಿಂದ ಸೆಳವು ನಿಂತದ್ದು ಹೇಗೆಂದು ಚಕ್ರವರ್ತಿ ವಿಚಾರಿಸಿದಾಗ, ಮಣ್ಣು ನೀರನ್ನು ಹದ್ದಿನಲ್ಲಿಡುತ್ತದೆ, ನೀರು ತನ್ನ ನೆಲೆಗೆ ನಿಂತರೆ ಗಾಳಿ ತಾನಾಗಿ ಅಡಗುತ್ತದೆ ಎಂದು ತನ್ನ ಶಾಸ್ತ್ರದ ಪರಿಭಾಷೆಯಲ್ಲಿ ಬಿನ್ನವಿಸಿಕೊಂಡನು. ಅಷ್ಟಕ್ಕೇ ನಿಲ್ಲಿಸದೆ, ಇತರ ವೈದ್ಯರು ರೋಗವನ್ನು ಮುಕ್ಕಾಲು ಗುಣಪಡಿಸಿದ್ದರೆಂದೂ ತಾನು ಒಳ್ಳೆಯ ಗಳಿಗೆಯಲ್ಲಿ ಬಂದೆನೆಂದೂ ಸೇರಿಸಿದನು. ಶಾಸ್ತ್ರದ ವಿವರಣೆಗಿಂತ ಈ ಎರಡನೆಯ ಮಾತು ನನಗೆ ಹೆಚ್ಚು ಮೆಚ್ಚುಗೆಯಾಗುತ್ತದೆ. ಆಸ್ಥಾನದಲ್ಲಿ ಹೀಗೆ ಮಾತನಾಡುವವರು ಎಷ್ಟು ಮಂದಿ? ಚಕ್ರವರ್ತಿ ಮೆಚ್ಚಿ ನೇರಳೆ ಬಣ್ಣದ ಅಂಗಿಯನ್ನೂ ಚಿನ್ನದ ಮೀನಿನ ಲಾಂಛನವನ್ನೂ ಕೊಟ್ಟು ರಾಜವೈದ್ಯರಲ್ಲಿ ಹಿರಿಯ ಹುದ್ದೆಗೇರಿಸಿದನು. ಅಲ್ಲಿಂದ ಮುಂದೆ ದೊಡ್ಡ ಮನೆತನಗಳವರ ಕರೆಗಳಿಂದ ಆತನಿಗೆ ಬಿಡುವೇ ಇರಲಿಲ್ಲ.

ಇನ್ನು ಗುಳಿಗೆಯ ವಿಚಾರ. ಚಿಯೆನ್ ಯಿಗಿಂತ ಸುಮಾರು ಎಂಟು ಶತಮಾನ ಹಿಂದೆ ಚಾಂಗ್ ಚುಂಗ್-ಚಿಂಗ್ ಎಂಬ ಆಚಾರ್ಯ ಎಂಟು ದ್ರವ್ಯಗಳ ಒಂದು ಗುಳಿಗೆಯನ್ನು ಹೇಳಿದ್ದನು. ಸೊಂಟದ ಸೋಲು, ಮೂತ್ರದ ಕಟ್ಟು ಅಥವಾ ಅತಿಸ್ರಾವ, ಕಾಲಿನ ಊತ ಇವಕ್ಕೆ ಅದು ಸಲ್ಲುತ್ತಿತ್ತು. ಅದರ ಅಳತೆಯನ್ನು ಒಮ್ಮೆ ನೋಡಬೇಕು. ಎಂಟು ಭಾಗ ತಿ-ಹುವಾಂಗ್ ಎಂಬ ಬೇರು. ನಾಲ್ಕು ಭಾಗ ಶಾನ್-ಜು-ಯು ಎಂಬ ಹುಳಿಯಾದ ಕೆಂಪು ಹಣ್ಣಿನ ತಿರುಳು. ನಾಲ್ಕು ಭಾಗ ನಮ್ಮ ಬಳ್ಳಿಗೆಣಸಿನ ಕುಲದ ಗೆಡ್ಡೆ. ಮೂರು ಭಾಗ ಜೌಗಿನಲ್ಲಿ ಬೆಳೆಯುವ ತ್ಸೆ-ಶಿಯೆ ಎಂಬುದರ ಗೆಡ್ಡೆ. ಮೂರು ಭಾಗ ಮು-ತಾನ್ ಹೂಗಿಡದ ಬೇರಿನ ತೊಗಟೆ. ಮೂರು ಭಾಗ ದೇವದಾರಿನ ಜಾತಿಯ ಮರಗಳ ಬೇರಿನಲ್ಲಿ ಹುಟ್ಟುವ ಫು-ಲಿಂಗ್ ಎಂಬ ಅಣಬೆ. ಕೊನೆಗೆ ಒಂದು ಭಾಗ ದಾಲ್ಚಿನ್ನಿ, ಒಂದು ಭಾಗ ಶುದ್ಧಿಮಾಡಿದ ವತ್ಸನಾಭಿ. ಒಟ್ಟು ೨೭ ಭಾಗ. ಕೊನೆಯ ಎರಡು ಭಾಗ ಅಳತೆಯಲ್ಲಿ ಅಲ್ಪವಾದರೂ ಅವು ಬೆಂಕಿಯ ಕಿಡಿಗಳು. ಮುಪ್ಪಿನವರ ತಣ್ಣಗಾದ ಮೈಗೆ ಅವು ಬೇಕು. ಎಳೆಯ ನೆತ್ತಿ ಕೂಡದ, ಹಲ್ಲು ಬಾರದ, ತಡವಾಗಿ ನಡೆಯುವ ಮಗುವಿಗೆ ಅವು ಏಕೆ? ಮಗುವಿನ ಮೈಯಲ್ಲಿ ಕಾವು ಸಹಜವಾಗಿಯೇ ಮಿಕ್ಕಿರುತ್ತದೆ, ಅದಕ್ಕೆ ಬೇಕಾದದ್ದು ತಳದ ಪುಷ್ಟಿ ಎಂದು ಚಿಯೆನ್ ಯಿ ತರ್ಕಿಸಿ ದಾಲ್ಚಿನ್ನಿಯನ್ನೂ ವತ್ಸನಾಭಿಯನ್ನೂ ತೆಗೆದನು. ಹಸಿ ಬೇರಿನ ಬದಲು ಹಬೆಯಲ್ಲಿ ಬೇಯಿಸಿ ಒಣಗಿಸಿ ಮಸಿಗಪ್ಪಾಗಿಸಿದ ತಿ-ಹುವಾಂಗನ್ನು ಹಾಕಿದನು. ಜೇನಿನಲ್ಲಿ ಕಟ್ಟಿದ ಮೂರು ಗುಳಿಗೆ, ಬರಿಹೊಟ್ಟೆಯಲ್ಲಿ, ಬೆಚ್ಚನೆಯ ನೀರಿನಲ್ಲಿ ಕರಗಿಸಿ ಕೊಡತಕ್ಕದ್ದು.

ಉಳಿದ ಆರರ ಹೊಂದಿಕೆಯನ್ನು ಚೀನೀ ಪಂಡಿತರು ಶತಮಾನಗಳಿಂದ ವ್ಯಾಖ್ಯಾನಿಸುತ್ತ ಬಂದಿದ್ದಾರೆ. ಮೂರು ತುಂಬುವ ದ್ರವ್ಯಗಳು, ಮೂರು ಹರಿಸುವ ದ್ರವ್ಯಗಳು. ಕಪ್ಪು ಬೇರು ತುಂಬಿದ್ದು ಜಡವಾಗಿ ನಿಲ್ಲದಂತೆ ಜೌಗಿನ ಗೆಡ್ಡೆ ಮೂತ್ರದಾರಿಯಲ್ಲಿ ಹರಿಸುತ್ತದೆ. ಹುಳಿಹಣ್ಣಿನ ಬಿಸುಪನ್ನು ಮು-ತಾನ್ ತೊಗಟೆ ತಣಿಸುತ್ತದೆ. ಗೆಣಸು ಹೊಟ್ಟೆಗೆ ಭಾರವಾಗದಂತೆ ಅಣಬೆ ನೋಡಿಕೊಳ್ಳುತ್ತದೆ. ತುಂಬುವ ಕಡೆ ತೂಕ ಹೆಚ್ಚು, ಹರಿಸುವ ಕಡೆ ಕಡಿಮೆ. ಆದರೆ ಎರಡೂ ಕಡೆ ಉಂಟು. ತೂಬಿಲ್ಲದ ಕೆರೆಯನ್ನು ಯಾರೂ ಕಟ್ಟುವುದಿಲ್ಲವೆಂಬುದು ಸೂಳೆಕೆರೆಯ ಏರಿಯ ಮೇಲೆ ನಡೆದಾಡಿದ ಯಾರಿಗಾದರೂ ಗೊತ್ತು.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಚೀನೀ ಶಾಸ್ತ್ರದ ಮೂತ್ರಪಿಂಡ ನಮ್ಮ ಶರೀರಶಾಸ್ತ್ರದ ಪಾಠದಲ್ಲಿ ಬರುವ ಎರಡು ಹುರುಳಿಬೀಜದಾಕಾರದ ಅಂಗಗಳಷ್ಟೇ ಅಲ್ಲ. ಮೂಳೆ, ಮಜ್ಜೆ, ಹಲ್ಲು, ಕೂದಲು, ಕಿವಿಯ ಶಕ್ತಿ, ಸಂತಾನ ಎಲ್ಲವೂ ಅದರ ಆಳ್ವಿಕೆಗೆ ಸೇರಿವೆ. ಆದುದರಿಂದ ಈ ಆರರ ಗುಳಿಗೆಯನ್ನು ರಕ್ತಪರೀಕ್ಷೆಯಲ್ಲಿ ಸೋತ ಮೂತ್ರಪಿಂಡಕ್ಕೆ ಸಿದ್ಧೌಷಧವೆಂದು ತಿಳಿಯುವುದು ಚಿಯೆನ್ ಯಿಗೂ ಇಂದಿನ ವೈದ್ಯಕ್ಕೂ ಅನ್ಯಾಯ ಮಾಡಿದಂತೆ. ಒಂದೇ ಗಿಡ ಎರಡು ದೇಶಗಳಲ್ಲಿ ಎರಡು ಕೆಲಸಕ್ಕೆ ನೇಮಕವಾಗಿರುವುದೂ ಉಂಟು. ಜಗಳೂರಿನ ಬೀಳುಗಳಲ್ಲಿ ಬರಿಗಾಲಿನ ಹುಡುಗರನ್ನು ಚುಚ್ಚುವ ನೆಗ್ಗಿಲು ನಮ್ಮಲ್ಲಿ ಗೋಕ್ಷುರವೆಂದು ಮೂತ್ರದ ಔಷಧಗಳಲ್ಲಿ ಮೊದಲ ಸಾಲಿಗೆ ಸೇರಿದ್ದು. ಚೀನೀಯರಲ್ಲಿ ಅದೇ ಮುಳ್ಳು ಯಕೃತ್ತಿನ ಮದ್ದು. ತಲೆನೋವಿಗೆ, ಕಣ್ಣಿನ ಬೇನೆಗೆ ಕೊಡುತ್ತಾರೆ.

ಕನ್ನಡ ನಾಡಿನಲ್ಲಿ ಬಿಡುವ ವಿದ್ಯೆ ತಿಳಿದವರು ಇರಲಿಲ್ಲವೆಂದಲ್ಲ. ೧೨ನೆಯ ಶತಮಾನದ ಜಗದ್ದಳ ಸೋಮನಾಥ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಅದರ ಚಿಕಿತ್ಸೆಯಲ್ಲಿ ಮದ್ಯಕ್ಕೂ ಮಾಂಸಕ್ಕೂ ಎಡೆಯಿಲ್ಲ. ನ್ಯಾಮತಿ, ಹೊನ್ನಾಳಿಗಳಿಗೆ ನೆರೆಯ ಸೀಮೆಯಾದ ಬಳ್ಳಿಗಾವೆಯ ಕೋಡಿಯ ಮಠದ ೧೧೬೨ರ ಶಾಸನ, ದಿಕ್ಕಿಲ್ಲದ ರೋಗಿಗಳಿಗೆ ಅಲ್ಲಿ ಔಷಧ ನಡೆಯುತ್ತಿದ್ದುದನ್ನು ಹೇಳುತ್ತದೆ. ಚಿಯೆನ್ ಯಿ ಸತ್ತು ಅರ್ಧ ಶತಮಾನವೂ ಆಗಿರದ ಕಾಲ ಅದು.

ಆತನ ಇನ್ನೊಂದು ಯೋಗದ ಕಥೆ ಇಷ್ಟು ಸುಖವಾದುದಲ್ಲ. ಬಾಯಿ ಬಿಸಿಯಾಗಿ, ನಿದ್ದೆಯಲ್ಲಿ ಹಲ್ಲು ಕಡಿಯುವ ಮಗುವಿನ ಒಳತಾಪವನ್ನು ಮೂತ್ರದ ದಾರಿಯಿಂದ ಹೊರಗೆ ಕಳಿಸಲು ಆತ ಒಂದು ಪುಡಿಯನ್ನು ಹೇಳಿದ್ದನು: ಹಸಿ ತಿ-ಹುವಾಂಗ್, ಜ್ಯೇಷ್ಠಮಧು, ಮು-ತುಂಗ್ ಎಂಬ ಬಳ್ಳಿ, ಮೂರೂ ಸಮಭಾಗ, ಬಿದಿರೆಲೆಯೊಡನೆ ಕುದಿಸಿದ್ದು. ಆತನ ಕಾಲದ ಮು-ತುಂಗ್ ಒಂದು ನಿರಪಾಯದ ಬಳ್ಳಿಯೆಂದು ಪಂಡಿತರ ಅಭಿಪ್ರಾಯ. ಕಾಲಾಂತರದಲ್ಲಿ ಅದು ಪೇಟೆಯಲ್ಲಿ ವಿರಳವಾಗಿ, ಅದೇ ಹೆಸರನ್ನು ಹೊತ್ತ, ಮಂಚೂರಿಯದ ಕಡೆಯ ಬೇರೊಂದು ಬಳ್ಳಿ ಆ ಸ್ಥಾನಕ್ಕೆ ಬಂತು. ಅದು ಅರಿಸ್ಟಲೋಕಿಯ ಎಂಬ ಕುಲದ್ದು. ಆ ಕುಲದ ಗಿಡಗಳಲ್ಲಿರುವ ಆಮ್ಲ ಮೂತ್ರಪಿಂಡವನ್ನು ಮರಳಿ ಬಾರದಂತೆ ಒಣಗಿಸುತ್ತದೆ, ಮೂತ್ರನಾಳದಲ್ಲಿ ಅರ್ಬುದವನ್ನೂ ಎಬ್ಬಿಸುತ್ತದೆ. ಇದು ಲೋಕಕ್ಕೆ ತಿಳಿದದ್ದು ಬೆಲ್ಜಿಯಂ ದೇಶದಿಂದ. ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸಿಕೊಳ್ಳಲು ಚೀನೀ ಮೂಲಿಕೆಗಳ ಮಿಶ್ರಣವನ್ನು ನುಂಗಿದ ಹೆಂಗಸರ ಮೂತ್ರಪಿಂಡಗಳು ಒಬ್ಬರ ಹಿಂದೆ ಒಬ್ಬರಂತೆ ಸೋತವು. ಅಲ್ಲಿನ ವೈದ್ಯರು ೧೯೯೩ರಲ್ಲಿ ಅದನ್ನು ವರದಿ ಮಾಡಿದರು. ಹಾಗೆ ನೊಂದವರ ಸಂಖ್ಯೆ ನೂರನ್ನು ದಾಟಿತು. ಹೆಸರು ಹೋಲುವ ಒಂದು ಬೇರಿಗೆ ಬದಲಾಗಿ ಇದೇ ಕುಲದ ಇನ್ನೊಂದು ಬೇರು ಮಿಶ್ರಣದಲ್ಲಿ ಸೇರಿಹೋಗಿತ್ತು. ಚೀನಾದ ಔಷಧ ಇಲಾಖೆ ೨೦೦೩ರಲ್ಲಿ ಮಂಚೂರಿಯದ ಮು-ತುಂಗನ್ನು ಔಷಧಗಳ ಪಟ್ಟಿಯಿಂದ ತೆಗೆಯಿತು. ಮೂತ್ರದ ತಾಪ ಕಳೆಯಲೆಂದು ಚಿಯೆನ್ ಯಿ ಹೆಣೆದ ಯೋಗ, ಒಂದು ಹೆಸರಿನ ತೊಡಕಿನಿಂದ, ಮೂತ್ರಪಿಂಡಕ್ಕೇ ವಿಷವಾಗಿ ಕೆಲವರ ಮನೆ ಸೇರಿತು.

ಇದನ್ನು ದೂರದ ಸುದ್ದಿಯೆಂದು ನಾವು ಸುಮ್ಮನಿರುವಂತಿಲ್ಲ. ಹಾವಿನ ಕಡಿತಕ್ಕೂ ಹೊಟ್ಟೆನೋವಿಗೂ ನಮ್ಮ ಕಡೆ ಬಳಸುತ್ತ ಬಂದ ಈಶ್ವರಿಬಳ್ಳಿಯೂ ಅದೇ ಅರಿಸ್ಟಲೋಕಿಯ ಕುಲದ್ದು. ಅದರ ಬೇರಿನಲ್ಲೂ ಆ ಆಮ್ಲವಿದೆ. ಬಾಳೆದಿಂಡಿನಂಥ ಸಾಧು ಪದಾರ್ಥವೂ ಅದರಲ್ಲಿರುವ ಪೊಟ್ಯಾಸಿಯಂ ಲವಣದಿಂದಾಗಿ, ಮೂತ್ರಪಿಂಡ ಆಗಲೇ ಕುಂದಿರುವವನಿಗೆ ಕೇಡು ಮಾಡಬಲ್ಲುದು. ಕಲ್ಲಿಗೆ ಹಿತವೆಂದು ಹೇಳುವುದು ಸೋತ ಮೂತ್ರಪಿಂಡಕ್ಕೆ ಹಿತವಲ್ಲ. ಎರಡನ್ನೂ ಕಿಡ್ನಿ ಎಂಬ ಒಂದೇ ಮಾತಿನಲ್ಲಿ ಸೇರಿಸಿ ಒಂದೇ ಪಾತ್ರೆಯಲ್ಲಿ ಕುದಿಸುವುದನ್ನು ನಾನು ಕಂಡಾಗಲೆಲ್ಲ ಸೆಳವನ್ನು ಎರಡಾಗಿ ವಿಂಗಡಿಸಿದ ಆ ಮಕ್ಕಳ ವೈದ್ಯ ನೆನಪಾಗುತ್ತಾನೆ.

ಆತನ ಸ್ವಂತ ಮೈ ಆತನಿಗೆ ಎಂದೂ ಸುಖ ಕೊಡಲಿಲ್ಲ. ಚಿಕ್ಕಂದಿನಿಂದಲೂ ಸೊರಗಿದ ದೇಹ. ತಂದೆಯ ಮದ್ಯಪ್ರೀತಿ ಮಗನಿಗೂ ಬಂದಿತ್ತು. ಕೀಲುಗಳಲ್ಲಿ ನೋವು ಸುತ್ತಾಡುವ ಒಂದು ವಾತರೋಗ ಅಂಟಿಕೊಂಡು, ಅನಾರೋಗ್ಯದ ಕಾರಣ ಹೇಳಿ ಆಸ್ಥಾನವನ್ನು ಬಿಟ್ಟನು. ಮುಂದಿನ ಚಕ್ರವರ್ತಿ ಚೆ-ತ್ಸುಂಗ್ ಮತ್ತೆ ಕರೆಸಿಕೊಂಡನು. ಮತ್ತೆ ಬಿಟ್ಟು ಊರಿಗೆ ಬಂದವನು ಹಿಂದಿರುಗಲಿಲ್ಲ. ರೋಗ ಒಳಗಿನ ಅಂಗಗಳಿಗೆ ಇಳಿದರೆ ಸಾವು ಖಂಡಿತ, ಅದನ್ನು ಕೈಕಾಲುಗಳಿಗೆ ಸರಿಸಬೇಕು ಎಂದು ನಿಶ್ಚಯಿಸಿ, ತಾನೇ ಮದ್ದು ಮಾಡಿ ಹಗಲಿರುಳು ಕುಡಿದನು. ಅದರಲ್ಲಿ ಏನೇನಿತ್ತೆಂದು ಯಾರಿಗೂ ತಿಳಿಯಲಿಲ್ಲ. ಕೆಲವು ದಿನಗಳಲ್ಲಿ ಎಡಗೈ, ಎಡಗಾಲು ಸೆಟೆದು ನಿರುಪಯೋಗವಾದವು. ಆತ ಸಂತೋಷಪಟ್ಟನಂತೆ! ಆಮೇಲೆ ನೆಂಟರನ್ನು ಗುಡ್ಡಕ್ಕೆ ಕಳಿಸಿ ಕೊಳಗದ ಗಾತ್ರಕ್ಕೂ ಮಿಗಿಲಾದ ಒಂದು ಫು-ಲಿಂಗ್ ಅಣಬೆಯನ್ನು ಅಗೆಸಿ ತರಿಸಿ, ಕ್ರಮಪ್ರಕಾರ ತಿಂಗಳ ತನಕ ತಿಂದನು. ಅರ್ಧ ಮೈ ಹೋದರೂ ಉಳಿದರ್ಧ ಗಟ್ಟಿಯಾಗಿ ನಿಂತಿತೆಂದು ಚರಿತ್ರಕಾರ ಹೇಳುತ್ತಾನೆ. ಇಂದಿನ ವೈದ್ಯರು ಅದನ್ನು ಪಾರ್ಶ್ವವಾಯು ಎನ್ನುವರೋ ಏನೋ, ನಾನು ಆ ಚರ್ಚೆಗೆ ಹೋಗುವುದಿಲ್ಲ.

ಕೊನೆಯ ವರ್ಷಗಳಲ್ಲಿ ಆತ ಮಂಚದ ಮೇಲೇ ಇದ್ದು ಇತಿಹಾಸದ ಗ್ರಂಥಗಳನ್ನು ಓದುತ್ತಿದ್ದನು. ಬಂದವರೊಡನೆ ಮದ್ಯ ಸೇವಿಸುತ್ತಿದ್ದನು. ಮನಸ್ಸು ಬಂದಾಗ ಇಬ್ಬರು ಆಳುಗಳು ಹೊರುವ ಕುರ್ಚಿಯಲ್ಲಿ ಕುಳಿತು ಊರೊಳಗೆ ತಿರುಗುತ್ತಿದ್ದನು, ಊರಾಚೆ ಹೋಗುತ್ತಿರಲಿಲ್ಲ. ಬಾಗಿಲಲ್ಲಿ ಮಾತ್ರ ಜನ ತುಂಬಿರುತ್ತಿದ್ದರು. ಕಂಕುಳಲ್ಲಿ ಕೂಸನ್ನೆತ್ತಿಕೊಂಡವರು, ಮುದುಕರನ್ನು ಕೈಹಿಡಿದು ತಂದವರು, ನೆರೆಹೊರೆಯವರು, ನೂರಾರು ಲಿ ದೂರದಿಂದ ನಡೆದು ಬಂದವರು. ಎಲ್ಲರಿಗೂ ಮದ್ದು ದೊರೆಯುತ್ತಿತ್ತು. ರೋಗ ಮತ್ತೆ ಏರಿದಾಗ ತನ್ನ ನಾಡಿಯನ್ನು ತಾನೇ ಹಿಡಿದು ನೋಡಿ, ಇನ್ನು ಉಪಾಯವಿಲ್ಲವೆಂದರಿತು, ಬಂಧುಗಳನ್ನು ಕರೆಸಿ ಬೀಳ್ಕೊಂಡು, ಬಟ್ಟೆ ಬದಲಿಸಿಕೊಂಡು ಕಾದನು. ೧೧೧೩ರಲ್ಲಿ ತನ್ನ ಮನೆಯಲ್ಲೇ ತೀರಿಕೊಂಡನು. ಅವರ ಎಣಿಕೆಯಲ್ಲಿ ಎಂಬತ್ತೆರಡು ವಯಸ್ಸು. ಮಗ ಮೊದಲೇ ಸತ್ತಿದ್ದನು. ಇಬ್ಬರು ಮೊಮ್ಮಕ್ಕಳು ವೈದ್ಯರಾಗಿದ್ದರು.

ಆತ ಸ್ವತಃ ಬರೆದ ಗ್ರಂಥಗಳು ಉಳಿದಿಲ್ಲ. ಇಂದು ಓದುವುದಕ್ಕೆ ಸಿಕ್ಕುವುದು ಯೆನ್ ಶಿಯಾವ್-ಚುಂಗ್ ಎಂಬುವನು ೧೧೧೯ರಲ್ಲಿ ಕೂಡಿಸಿ ಕೊಟ್ಟ, ಮಕ್ಕಳ ರೋಗಲಕ್ಷಣ ಮತ್ತು ಔಷಧಗಳನ್ನು ಕುರಿತ ಪುಸ್ತಕ. ಅದರಲ್ಲಿ ಮೂರು ಸಂಪುಟ. ನಡುವಣ ಸಂಪುಟದಲ್ಲಿ ಚಿಯೆನ್ ಯಿ ನೋಡಿದ ೨೩ ಮಕ್ಕಳ ವೃತ್ತಾಂತಗಳಿವೆ. ಬೇರೆ ವೈದ್ಯರು ಕೊಟ್ಟ ಮದ್ದು, ಆತ ಕೊಟ್ಟ ಮದ್ದು, ಮಗು ಉಳಿದದ್ದು ಅಥವಾ ಉಳಿಯದೆ ಹೋದದ್ದು, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆದಿದೆ. ಪುಸ್ತಕ ಅನಂತರ ದುರ್ಲಭವಾಗಿ, ೧೮ನೆಯ ಶತಮಾನದಲ್ಲಿ ಯುಂಗ್-ಲೊ ಚಕ್ರವರ್ತಿಯ ಕಾಲದ ಮಹಾಕೋಶದಿಂದ ಆಯ್ದು ಮತ್ತೆ ಜೋಡಿಸಬೇಕಾಯಿತು. ಯೆನ್ ಈ ಕೆಲಸಕ್ಕೆ ಕೈಹಾಕಿದ್ದಕ್ಕೆ ಕಾರಣವಿತ್ತು. ಐದಾರು ವರ್ಷದವನಾಗಿದ್ದಾಗ ಅವನಿಗೆ ಮೇಲಿಂದ ಮೇಲೆ ಸೆಳವು ಬಂದು ಪ್ರಾಣಕ್ಕೆ ಬಂದಿತ್ತು. ಆಗ ಅವನ ತಂದೆ ಯುನ್-ಚೌ ಕಡೆ ಅಧಿಕಾರಿಯಾಗಿದ್ದನು. ಮಗುವಿನ ಮಗ್ಗುಲಲ್ಲಿ ಕುಳಿತು ಚಿಕಿತ್ಸೆ ಮಾಡಿ ಉಳಿಸಿದವನು ಚಿಯೆನ್ ಯಿ.